ಲಾಲ್‌ಬಾಗಿನ ಹೂವಿಗೂ ದಿನದ ಲೆಕ್ಕ



ಹೂವು ತಾನಾಗಿ ಅರಳುತ್ತೆ ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಬೇಕಾದ ದಿನಕ್ಕೆ ಸರಿಯಾಗಿ ಹೂವು ಅರಳಿಸುವುದು ಒಂದು ವಿದ್ಯೆ. 2025ರ ಜನವರಿಯಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಲು ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿದ್ದೆ. ಆ ವಿದ್ಯೆ ಏನೆಂದು ಅಲ್ಲಿ ತಿಳಿಯಿತು. ಚೆಂಡುಹೂವು, ಸೇವಂತಿಗೆ ಬೆಳೆಯುವ ನಮ್ಮೂರಿಗೆ ಇದು ಬೇಕಾದ ವಿಷಯ.

ತೋಟದ ಕತೆ

ಲಾಲ್‌ಬಾಗ್ ಮೊದಲು ರಾಜರ ತೋಟ. ಹೈದರ್ ಅಲಿ 1760ರಲ್ಲಿ ಸುಮಾರು 40 ಎಕರೆಯಲ್ಲಿ ಇದನ್ನು ಮಾಡಿಸಲು ಶುರುಮಾಡಿದ. ಮಗ ಟಿಪ್ಪು ಸುಲ್ತಾನ್ ದೂರದ ದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಈಗ ಸುಮಾರು 240 ಎಕರೆ ಇದೆ. ಒಳಗಿರುವ ಬಂಡೆಗೆ 300 ಕೋಟಿ ವರ್ಷ ವಯಸ್ಸು!

ನಾವು ಸಾರಿಗೆ ಹಾಕುವ ಸೀಮೆಬದನೆಕಾಯಿಯನ್ನು ಬೆಂಗಳೂರಿಗೆ ತಂದವರು ಇಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್. ಅಂದ್ರೆ ಇದು ಬರೀ ನೋಡೋ ತೋಟ ಅಲ್ಲ, ಕಲಿಯೋ ತೋಟ.

ಪ್ರದರ್ಶನ ನಡೆಯುವುದು ಗಾಜಿನ ಮನೆಯಲ್ಲಿ. ಇದಕ್ಕೆ 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ನಾನು ಹೋದ ವರ್ಷ ಪ್ರದರ್ಶನದ ವಿಷಯ ಮಹರ್ಷಿ ವಾಲ್ಮೀಕಿ. ಜನ ಎಷ್ಟೆಂದರೆ ನಿಂತು ನೋಡೋಕೆ ಬಿಡಲಿಲ್ಲ, ತಳ್ಳಿಕೊಂಡೇ ಹೋದರು.

ಒಂದೇ ದಿನ ಅರಳುವುದು ಹೇಗೆ?

ಹೊರಗೆ ಕುಂಡಗಳಿಗೆ ನೀರು ಹಾಕುತ್ತಿದ್ದ ವಯಸ್ಸಾದ ಮಾಲಿಯೊಬ್ಬರನ್ನು ಕೇಳಿದೆ: "ತಾತ, ಇಷ್ಟು ಹೂವು ಒಟ್ಟಿಗೇ ಹೆಂಗೆ ಬಿಟ್ಟವು?"

"ಹಬ್ಬದ ದಿನ ಹಿಡಕೊಂಡು ಹಿಂದಕ್ಕೆ ಎಣಿಸ್ಬೇಕು ಮರಿ," ಅಂದರು.

ಅವರು ಹೇಳಿದ್ದು ಹೀಗೆ. ಚೆಂಡುಹೂವಿನ ಬೀಜ ಚೆಲ್ಲಿ ಸುಮಾರು 25 ದಿನಕ್ಕೆ ಪೈರು ಕಿತ್ತು ನೆಡುತ್ತಾರೆ. ನೆಟ್ಟ ಮೇಲೆ ಒಳ್ಳೆ ಹೂವಿಗೆ ಇನ್ನು 50 ದಿನ ಬೇಕು. ಒಟ್ಟು 75 ದಿನ. ಜನವರಿ ಮಧ್ಯಕ್ಕೆ ಹೂವು ಬೇಕಾದರೆ ನವೆಂಬರ್ ಮೊದಲ ವಾರದೊಳಗೆ ಬೀಜ ಬೀಳಬೇಕು. ನಡುವೆ ಕುಡಿ ಚಿವುಟಿದರೆ ಕವಲು ಹೆಚ್ಚಾಗುತ್ತದೆ, ಹೂವು ಕೆಲವು ದಿನ ಮುಂದಕ್ಕೆ ಹೋಗುತ್ತದೆ.

ಸೇವಂತಿಗೆ ಲೆಕ್ಕ ಬೇರೆ. ಅದು ರಾತ್ರಿಯ ಉದ್ದ ನೋಡಿ ಮೊಗ್ಗು ಕಟ್ಟುವ ಗಿಡ. ರಾತ್ರಿ ಉದ್ದವಾದರೆ ಮೊಗ್ಗು ಬರುತ್ತದೆ. ರಾತ್ರಿ ಹೊತ್ತು ಬೆಳಕು ಕೊಟ್ಟರೆ ಇನ್ನೂ ಹಗಲು ಅಂತ ತಿಳಿದು ಬರೀ ಎಲೆ, ಕಾಂಡ ಬೆಳೆಸುತ್ತದೆ. ನಮ್ಮ ಕಡೆ ಸೇವಂತಿಗೆ ಹೊಲದಲ್ಲಿ ರಾತ್ರಿಯೆಲ್ಲ ಬಲ್ಬು ಉರಿಯುತ್ತಲ್ಲ, ಅದು ಕಳ್ಳರ ಕಾವಲಿಗೆ ಅಲ್ಲ, ಇದಕ್ಕೇ!

ನಮ್ಮ ಮನೆಯ ಲೆಕ್ಕ

2023ರಲ್ಲಿ ಆಯುಧಪೂಜೆ ಅಕ್ಟೋಬರ್ 23ಕ್ಕೆ ಬಂದಿತ್ತು. ಆಗ ನಮ್ಮ ಚೆಂಡುಹೂವಿಗೆ ಒಳ್ಳೆ ರೇಟು ಸಿಕ್ಕಿತು. ಮಾರನೇ ವರ್ಷವೂ ಅಪ್ಪ ಅದೇ ತಾರೀಕಿಗೆ ಬೀಜ ಚೆಲ್ಲಿದರು. ಆದರೆ 2024ರಲ್ಲಿ ಹಬ್ಬ ಅಕ್ಟೋಬರ್ 11ಕ್ಕೇ ಬಂತು. ಹಬ್ಬ ಮುಗಿದ ಮೇಲೆ ನಮ್ಮ ಹೊಲ ಹಳದಿಯಾಯಿತು. ಕೊಯ್ಯುವ ಕೂಲಿಯೂ ಹುಟ್ಟಲಿಲ್ಲ. ಹೂವನ್ನು ತಿಪ್ಪೆಗೆ ಸುರಿದೆವು. ಅವ್ವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಜನವರಿ 26 ಪ್ರತಿ ವರ್ಷ ಅದೇ ದಿನ ಬರುತ್ತದೆ. ನಮ್ಮ ಹಬ್ಬಗಳು ಹಾಗಲ್ಲ. ಚಂದ್ರನ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಬರುತ್ತವೆ, ಅಧಿಕಮಾಸ ಬಂದ ವರ್ಷ ಮುಂದಕ್ಕೆ ಹೋಗುತ್ತವೆ. ಅದಕ್ಕೇ ಬೀಜ ಚೆಲ್ಲುವ ಮುಂಚೆ ಪಂಚಾಂಗ ನೋಡಬೇಕು. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1. ಕ್ಯಾಲೆಂಡರ್ ಹಿಡಿದು ನಾನೂ ಅಪ್ಪನೂ ಹಿಂದಕ್ಕೆ ಎಣಿಸಿದೆವು. ಮಾರ್ಕೆಟ್ಟಿಗೆ ನಾಲ್ಕು ದಿನ ಮುಂಚೆ ಹೂವು ಬೇಕು ಅಂತ ಸೇರಿಸಿ ಜುಲೈ 14ಕ್ಕೆ ಬೀಜ ಚೆಲ್ಲಿದೆವು. ಹೂವು ಹಬ್ಬಕ್ಕೆ ಸಿಕ್ಕಿತು.

ವಸಂತದ ಮರಗಳು

ಕುಂಡದ ಹೂವಿನ ಚಂದ ಹತ್ತು ದಿನ. ಮರದ ಹೂವು ಹಾಗಲ್ಲ. 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗೆಲ್ ಅವರು ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬಗೆಬಗೆಯ ಮರ ನೆಡಿಸಿದರು. ಚಳಿ ಮುಗಿಯುವಾಗ ಟಬೆಬುಯಾ, ಯುಗಾದಿ ಸುಮಾರಿಗೆ ನೀಲಿ ಜಕರಾಂಡ, ಮೇ ತಿಂಗಳಲ್ಲಿ ಕೆಂಪು ಗುಲ್‌ಮೊಹರ್. ನೆಟ್ಟವರು ಹೋಗಿ ಎಷ್ಟೋ ವರ್ಷವಾಯಿತು, ಆ ಸಾಲು ಇನ್ನೂ ನಡೆದಿದೆ.

ಗೆಳೆಯರೇ, ಮುಂದಿನ ಹಬ್ಬಗಳ ತಾರೀಕು, ಬೀಜ ಚೆಲ್ಲುವ ದಿನ ಎರಡನ್ನೂ ಈ ಗೋಡೆ ಪತ್ರಿಕೆಯ ಮೂಲೆಯಲ್ಲಿ ಬರೆಯೋಣ. ಮನೆಗೆ ಹೋಗಿ ದೊಡ್ಡವರಿಗೆ ಹೇಳಿ. ಶಾಲೆಯ ಬೇಲಿ ಪಕ್ಕ ಬೇರೆ ಬೇರೆ ತಿಂಗಳಲ್ಲಿ ಅರಳುವ ಮೂರು ಗಿಡ ನೆಡಲು ಗುರುಗಳು ಅಪ್ಪಣೆ ಕೊಟ್ಟರೆ ನೀರು ಹಾಕುವ ಕೆಲಸ ನಮ್ಮ ತರಗತಿಯದು.