ಹಳೆಯ ಸಾಲದ ಮುದ್ದತ್ತು

ಜಮಖಂಡಿ, ಮುಧೋಳ, ಬೀಳಗಿಗಳ ಕಡೆಗೆ ಕಬ್ಬಿನ ಬಿಲ್ಲು ಕೈಸೇರುವ ವರೆಗೆ ಬೀಜ ಗೊಬ್ಬರಗಳನ್ನು ಉದ್ದರಿಯಾಗಿ ತರುವುದು ರೂಢಿ. ರಬಕವಿ-ಬನಹಟ್ಟಿಯ ನೇಕಾರನು ನೂಲನ್ನು ತರುವುದೂ ಹಾಗೆಯೇ. ಇಂಥ ಸಾಲದ ಲೆಕ್ಕವಿಟ್ಟವರು ಉಂಟು. ಅದರ ಮುದ್ದತ್ತಿನ ಲೆಕ್ಕವಿಟ್ಟವರು ವಿರಳ.

1963ನೆಯ ಇಸವಿಯ ಕಾಲಮಿತಿ ಕಾಯಿದೆಯ ಮೇರೆಗೆ ಉದ್ದರಿ ಮಾಲು, ಕೈಗಡ, ಕೇಳಿದಾಗ ಕೊಡತಕ್ಕ ಪ್ರಾಮಿಸರಿ ನೋಟು ಇವುಗಳ ದಾವೆಗೆ 3 ವರ್ಷಗಳ ಅವಧಿಯುಂಟು. ವಾಯಿದೆ ಗೊತ್ತುಪಡಿಸದೆ 2022 ಜೂನ್ 10ರಂದು ಗೊಬ್ಬರ ತಂದಿದ್ದರೆ, 2025 ಜೂನ್ 10 ದಾಟಿದ ಮೇಲೆ ಹೂಡಿದ ದಾವೆಯನ್ನು ನ್ಯಾಯಾಲಯವು ವಜಾ ಮಾಡತಕ್ಕದ್ದು. ಪ್ರತಿವಾದಿಯು ಆ ತಕರಾರನ್ನು ಎತ್ತದಿದ್ದರೂ ಸರಿಯೇ. ಜಮೀನು ಅಡವಿಟ್ಟ ಸಾಲಕ್ಕಾದರೆ 12 ವರ್ಷ.

ಆದರೆ ಮುದ್ದತ್ತು ತೀರುವ ಮುನ್ನ ಬಾಕಿಯುಂಟೆಂದು ಖಾತೆ ಪುಸ್ತಕದಲ್ಲಿ ಸಹಿ ಮಾಡಿದರೆ ಆ ದಿನದಿಂದ ಹೊಸದಾಗಿ 3 ವರ್ಷ. ಅಷ್ಟಿಷ್ಟು ರೊಕ್ಕ ಕೊಟ್ಟು, ಕೊಟ್ಟುದನ್ನು ಸ್ವಹಸ್ತದಿಂದ ಬರೆದರೂ ಅದೇ ಫಲ. ಮುದ್ದತ್ತು ತೀರಿದ ಬಳಿಕ ಕೊಡುವೆನೆಂದು ಬರೆದು ಸಹಿ ಹಾಕಿದ ವಚನವು 1872ರ ಕರಾರು ಕಾಯಿದೆಯ 25ನೆಯ ಕಲಮಿನಂತೆ ಹೊಸ ಕರಾರೇ ಆಗುವುದು. ಬಾಯಿಮಾತಿಗೆ ಈ ಬಲವಿಲ್ಲ.

ಸಹಿಯ ಈ ಕಥೆ ಹಳೆಯದು. 1859ರ ಕಾಯಿದೆಯು ನೋಂದಣಿಯಾಗದ ಸಾಲಪತ್ರಕ್ಕೆ 3 ವರ್ಷಗಳ ಮಿತಿ ಹಾಕಲು, ಸಾವಕಾರರು ಆ ಅವಧಿ ತೀರುವ ಮೊದಲೇ ಬಡ್ಡಿಯನ್ನು ಅಸಲಿಗೆ ಕೂಡಿಸಿ ಹೊಸ ಪತ್ರ ಬರೆಯಿಸಿಕೊಳ್ಳತೊಡಗಿದರು. ರಕ್ಷಣೆಯೆಂದು ತೋರಿದ್ದು ಉರುಲಾಯಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ದಂಗೆಯೆದ್ದ ರೈತರು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನೇ. ಅನಂತರ ಬಂದ 1879ರ ದಖ್ಖನ ಒಕ್ಕಲಿಗರ ಪರಿಹಾರ ಕಾಯಿದೆಯು ಮುದ್ದತ್ತನ್ನು ತಗ್ಗಿಸದೆ ಹೆಚ್ಚಿಸಿತು. ಪತ್ರದ ಹಿಂದಿನ ಮೂಲ ವ್ಯವಹಾರವನ್ನು ಶೋಧಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು. ಇದು ಜಾಣತನದ ತಿದ್ದುಪಡಿಯೆಂದೇ ನಮ್ಮ ಅಭಿಪ್ರಾಯ.

ಮುದ್ದತ್ತು ಮೀರಿದರೆ ಸಾಲವೇ ಇಲ್ಲವಾಯಿತೆಂಬ ತಿಳಿವಳಿಕೆ ಸರಿಯಲ್ಲ. ಮುಂಬಯಿಯ ಗಿರಣಿ ಮಜೂರರ ಬಾಕಿ ಪಗಾರದ ಸಂಬಂಧದ ಮೊಕದ್ದಮೆಯಲ್ಲಿ 1957ರಲ್ಲಿ ಸುಪ್ರೀಂ ಕೋರ್ಟು, ಕಾಲಮಿತಿಯು ದಾವೆಯ ದಾರಿಯನ್ನು ಮುಚ್ಚುವುದೇ ಹೊರತು ಋಣವನ್ನು ಅಳಿಸದೆಂದು ನಿರ್ಣಯಿಸಿತು.

ಹುಕುಮನಾಮೆಯಾದ ಸಾಲದ ಮಾತೇ ಬೇರೆ. ಅದರ ಅಮಲಿಗೆ 12 ವರ್ಷಗಳ ಅವಕಾಶವಿದೆ. ಆದುದರಿಂದ, ಸಾಲ ಹಳೆಯದಾಯಿತೆಂದು ಸಮನ್ಸನ್ನು ಅಲಕ್ಷಿಸಬಾರದು. ಏಕತರ್ಫಾ ಹುಕುಮನಾಮೆಯಾದರೆ ಅದನ್ನು ರದ್ದುಪಡಿಸಲು ಅರ್ಜಿ ಕೊಡುವ ಅವಧಿ 30 ದಿನ. ಸಮನ್ಸು ಸರಿಯಾಗಿ ಮುಟ್ಟದಿದ್ದಲ್ಲಿ ವಿಷಯ ತಿಳಿದ ದಿನದಿಂದ ಎಣಿಕೆ. ಜಪ್ತಿ ಬಂದಾಗಲೂ ಒಕ್ಕಲುತನದ ಸಲಕರಣೆ, ಜೀವನಕ್ಕೆ ಅವಶ್ಯವಾದ ದನ, ಬಿತ್ತುವ ಕಾಳು, ಕೈಕಸಬಿನವನ ಸಾಧನಗಳು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ ಜಪ್ತಿಗೆ ಹೊರತು. ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಗೊತ್ತಾದ ಮಿತಿಯೊಳಗಿನ ಆದಾಯದವರಿಗೂ ತಾಲೂಕಾ ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಪುಕ್ಕಟೆಯಾಗಿ ದೊರೆಯುವುದು. ಹೋಗುವಾಗ ಸಮನ್ಸನ್ನೂ ಖಾತೆಯ ಚೀಟಿಗಳನ್ನೂ ಒಯ್ಯತಕ್ಕದ್ದು.