ಕಾಲು ಮುರಿದ ನಾಯಿಗೂ ತಾಲೀಮು ಬೇಕು

ಎತ್ತು ಕುಂಟಿದರೆ ನಮ್ಮ ಒಕ್ಕಲು ಮನೆಗಳಲ್ಲಿ ಯಾರಿಗೂ ಊಟ ರುಚಿಸುವದಿಲ್ಲ. ಅದೇ ನಾಯಿ ಕುಂಟಿದರೆ ತಿರುಗಿ ನೋಡುವವರಿಲ್ಲ. ನಾಯಿಯ ಕಾಲು ತಾನೇ ನೆಟ್ಟಗಾಗುವದೆಂದು ಹೇಳಿ ನಾವು ನಮ್ಮ ಕೆಲಸಕ್ಕೆ ಹೊರಡುವೆವು. ಆದರೆ ಜತ್ತ, ಅಕ್ಕಲಕೋಟ, ಸೊಲ್ಲಾಪುರದ ಕಡೆಯ ಮಾಳಗಳಲ್ಲಿ ತೋಳಗಳು ಇಂದಿಗೂ ಇವೆ. ಕುರಿಯ ಹಟ್ಟಿಯ ಸುತ್ತ ರಾತ್ರಿಯೆಲ್ಲ ತಿರುಗುವ ನಾಯಿ ಮೂರು ಕಾಲಿನದಾದರೆ ಹಾನಿ ಯಾರಿಗೆಂಬುದನ್ನು ಕುರಿಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾತನ್ನು ನಾವು ಕಲಿತದ್ದು ನಮ್ಮ ತಪ್ಪಿನಿಂದಲೇ. ನಮ್ಮ ಹೊಲದ ನಾಯಿ ಕರಿಯನಿಗೆ ಮೋಟಾರ್ ಸೈಕಲ್ಲು ಬಡಿದು ಬಲಗಡೆಯ ಹಿಂಗಾಲು ಮುರಿಯಿತು. ಪಶುವೈದ್ಯರು ಎಲುಬು ಕೂಡಿಸಿ ಪಟ್ಟಿ ಕಟ್ಟಿದರು. ಎಂಟು ವಾರಕ್ಕೆ ಕ್ಷಕಿರಣದ ಚಿತ್ರ ತೆಗೆದು, ಎಲುಬು ಚೆನ್ನಾಗಿ ಕೂಡಿದೆಯೆಂದು ಪಟ್ಟಿ ಬಿಚ್ಚಿದರು. ವಿಶ್ರಾಂತಿಯೇ ಔಷಧವೆಂದು ತಿಳಿದು ನಾವು ಅದನ್ನು ಮತ್ತೆ ಒಂದೂವರೆ ತಿಂಗಳು ಬೇವಿನ ಗಿಡಕ್ಕೆ ಕಟ್ಟಿ ಹಾಲು ರೊಟ್ಟಿ ಹಾಕಿದೆವು. ನಾಯಿ ದಪ್ಪಗಾಯಿತು, ಕಾಲು ಮಾತ್ರ ಸೊರಗಿ ಕೋಲಾಯಿತು. ನೆಲಕ್ಕೆ ಊರದೆ ಅದನ್ನು ಜೋಲಿಸಿಕೊಂಡೇ ಕುಪ್ಪಳಿಸುತ್ತಿತ್ತು. ಮರಳಿ ಒಯ್ದಾಗ ವೈದ್ಯರು ನಮ್ಮನ್ನೇ ಗದರಿಸಿದರು. ಎಲುಬು ಕೂಡಿಸುವದು ತಮ್ಮ ಕೆಲಸ, ಕಾಲು ನಡೆಸುವದು ಸಾಕಿದವರ ಕೆಲಸ ಎಂಬುದು ಅವರ ಮಾತಿನ ತಿರುಳು.

ಕಾಲು ಸೊರಗುವದೇಕೆ?

ಗರಡಿಯ ಪೈಲವಾನನು ನಾಲ್ಕು ತಿಂಗಳು ಹಾಸಿಗೆ ಹಿಡಿದರೆ ಅವನ ತೊಡೆ ಏನಾಗುವದೆಂಬುದನ್ನು ನಾವು ಕಂಡಿದ್ದೇವೆ. ನಾಯಿಯ ಪಾಡೂ ಅದೇ. ದುಡಿಯದ ಸ್ನಾಯು ಕರಗುವದು, ಮಡಚದ ಕೀಲು ಬಿಗಿಯುವದು. ನಾಯಿಯ ಮೈಭಾರದಲ್ಲಿ ಸುಮಾರು ಶೇಕಡಾ 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಆದ್ದರಿಂದ ಒಂದು ಹಿಂಗಾಲು ಕೆಟ್ಟರೂ ಅದು ಉಳಿದ ಮೂರರ ಮೇಲೆ ಸಂಸಾರ ಸಾಗಿಸುವದು. ನೋವು ಹೋದ ಮೇಲೂ ಆ ಚಾಳಿ ಬಿಡುವದಿಲ್ಲ. ಎರಡೂ ತೊಡೆಗಳ ಸುತ್ತಳತೆಯನ್ನು ದಾರದಿಂದ ಅಳೆದು ನೋಡಿದರೆ ಅಂತರ ತಾನೇ ಗೊತ್ತಾಗುವದು. ಈ ದಾರಕ್ಕೆ ಗಂಟು ಹಾಕಿ ಇಟ್ಟುಕೊಳ್ಳಿರಿ, ಮುಂದೆ ಗುಣ ಕಾಣುತ್ತಿದೆಯೋ ಇಲ್ಲವೋ ಎಂಬುದಕ್ಕೆ ಅದೇ ಸಾಕ್ಷಿ.

ಮೊದಲ ಹಂತ: ಮಲಗಿದಲ್ಲಿಯೇ

ಎಲುಬು ಕೂಡಿದೆಯೆಂದು ವೈದ್ಯರು ಹೇಳುವ ಮೊದಲು ಯಾವ ಕಸರತ್ತೂ ಸಲ್ಲದು. ಅವರ ಅಪ್ಪಣೆಯಾದ ಮೇಲೆ ನಾಯಿಯನ್ನು ಕೌದಿಯ ಮೇಲೆ ಒಂದು ಮಗ್ಗುಲಾಗಿ ಮಲಗಿಸಿರಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಹತ್ತು ನಿಮಿಷ ಕಾವು ಕೊಡಿರಿ. ಆ ಬಿಸಿಯನ್ನು ಮೊದಲು ನಿಮ್ಮ ಮುಂಗೈಗೆ ತಾಗಿಸಿ ನೋಡತಕ್ಕದ್ದು. ಬಳಿಕ ಪಾದದಿಂದ ತೊಡೆಯ ಕಡೆಗೆ ಮೆಲ್ಲಗೆ ನೀವಿರಿ. ಆಮೇಲೆ ಒಂದೊಂದೇ ಕೀಲನ್ನು ಹಗುರಾಗಿ ಮಡಚಿ ಬಿಡಿಸಿರಿ. ಹೀಗೆ ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ನಾಯಿ ತಲೆ ತಿರುಗಿಸಿ ನೋಡಿದರೆ, ಮೈ ಬಿಗಿದರೆ, ಅಲ್ಲಿಗೇ ನಿಲ್ಲಿಸಬೇಕು. ಜಗ್ಗಾಡಿದರೆ ಕೀಲು ಸಡಿಲುವದಿಲ್ಲ, ನಾಯಿಗೆ ನಮ್ಮ ಮೇಲಿನ ನಂಬಿಗೆ ಮಾತ್ರ ಹೋಗುವದು.

ಎರಡನೆಯ ಹಂತ: ನಿಲ್ಲುವದು, ನಡೆಯುವದು

ನಾಯಿಯನ್ನು ಮಣ್ಣಿನ ನೆಲದ ಮೇಲೆ ನಿಲ್ಲಿಸಿ ಸೊಂಟವನ್ನು ಅತ್ತಿತ್ತ ಮೆಲ್ಲನೆ ಒತ್ತಿದರೆ ಕೆಟ್ಟ ಕಾಲಿನ ಮೇಲೆ ಸ್ವಲ್ಪ ಸ್ವಲ್ಪವೇ ಭಾರ ಬೀಳುವದು. ನುಣುಪಾದ ಫರಸಿಯ ಮೇಲೆ ಇದನ್ನು ಮಾಡಬಾರದು, ಕಾಲು ಜಾರಿದರೆ ಮೊದಲಿಗಿಂತ ಹೆಚ್ಚಿನ ಕೆಡುಕು. ಬಲವಿಲ್ಲದ ನಾಯಿಗೆ ಹೊಟ್ಟೆಯ ಕೆಳಗೆ ಅಗಲವಾದ ಟವೆಲ್ ಹಾಯಿಸಿ ಆಧಾರ ಕೊಡಬಹುದು.

ನಡಿಗೆ ಹಗ್ಗ ಹಿಡಿದೇ ಆಗಬೇಕು, ನಿಧಾನವಾಗಿ ಆಗಬೇಕು. ಇದರಲ್ಲಿಯೇ ಗುಟ್ಟಿದೆ. ಓಡಬಿಟ್ಟರೆ ನಾಯಿ ಮೂರು ಕಾಲಿನಿಂದ ಕುಪ್ಪಳಿಸುವದು, ನಿಧಾನವಾಗಿ ನಡೆಸಿದರೆ ನಾಲ್ಕನೆಯ ಕಾಲನ್ನು ಊರದೆ ಗತ್ಯಂತರವಿಲ್ಲ. ಮೊದಲ ವಾರ ಮುಂಜಾನೆ ಐದು ನಿಮಿಷ, ಸಂಜೆ ಐದು ನಿಮಿಷ. ಬಳಿಕ ವಾರಕ್ಕೆ ಎರಡು ಮೂರು ನಿಮಿಷದಂತೆ ಏರಿಸಿರಿ. ಮಧ್ಯಾಹ್ನದ ಡಾಂಬರು ರಸ್ತೆ ನಾಯಿಯ ಪಾದವನ್ನು ಸುಡುವದೆಂಬುದನ್ನು ಮರೆಯಬಾರದು.

ಮೂರನೆಯ ಹಂತ: ಬಲ ಬರಿಸುವದು

ಕುಳಿತು ಏಳುವದೇ ನಾಯಿಯ ಬೈಠಕು. ರೊಟ್ಟಿಯ ತುಣುಕು ತೋರಿಸಿ ಕೂಡ್ರಿಸಿರಿ, ಎಬ್ಬಿಸಿರಿ. ಐದರಿಂದ ಆರಂಭಿಸಿ ಹತ್ತಕ್ಕೆ ಒಯ್ಯಿರಿ. ಕಾಲನ್ನು ಹೊರಗೆ ಚಾಚಿ ಓರೆಯಾಗಿ ಕುಳಿತರೆ ಅದು ಲೆಕ್ಕಕ್ಕಿಲ್ಲ.

ಎರಡನೆಯದು ದಂಟು ದಾಟುವದು. ಐದಾರು ಜೋಳದ ದಂಟುಗಳನ್ನು ನಾಯಿಯ ಮೈಯುದ್ದದ ಅಂತರದಲ್ಲಿ ಅಡ್ಡವಾಗಿ ನೆಲಕ್ಕೆ ಹಾಕಿ ಮೆಲ್ಲಗೆ ನಡೆಸಿರಿ. ಕೆಲವು ದಿನಗಳ ಬಳಿಕ ಎರಡೂ ತುದಿಗೆ ಇಟ್ಟಂಗಿ ಕೊಟ್ಟು ತುಸು ಎತ್ತರಿಸಿರಿ. ನಾಯಿ ಪ್ರತಿಯೊಂದು ಕಾಲನ್ನೂ ಎತ್ತಿ ನೋಡಿ ಇಡಬೇಕಾಗುವದು. ಎಡವಿದರೂ ದಂಟು ಮುರಿದೀತೇ ಹೊರತು ಕಾಲಿಗೆ ಪೆಟ್ಟಾಗದು. ಏರು ಹತ್ತಿಸುವದು, ಉಸುಕಿನಲ್ಲಿ ನಡೆಸುವದು ಇವೂ ಹಿಂಗಾಲಿಗೆ ಒಳ್ಳೆಯ ತಾಲೀಮು.

ನೀರಿನ ಉಪಕಾರವೂ ದೊಡ್ಡದು. 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಸೊಂಟದ ಕೀಲಿನ ಮಟ್ಟಕ್ಕೆ ನೀರಿದ್ದಾಗ ಕಾಲುಗಳ ಮೇಲೆ ಬೀಳುವ ಭಾರ ನೆಲದ ಮೇಲಿನ ಭಾರದ ಶೇಕಡಾ 38ರಷ್ಟು ಮಾತ್ರವೆಂದು ಕಂಡುಬಂತು. ಪಟ್ಟಣದ ಕೆಲವು ಚಿಕಿತ್ಸಾಲಯಗಳಲ್ಲಿ ಇದಕ್ಕಾಗಿ ಯಂತ್ರಗಳಿವೆ. ನಮಗೆ ನಿಂತ ನೀರಿನ ಸಪಾಟಾದ ಹಳ್ಳವೇ ಸಾಕು. ಆದರೆ ದ್ರಾಕ್ಷಿಯ ತೋಟಗಳಲ್ಲಿ ಪ್ಲಾಸ್ಟಿಕ್ ಹಾಸಿ ಕಟ್ಟಿದ ಹೊಂಡಗಳಿಗೆ ನಾಯಿಯನ್ನು ಎಂದೂ ಇಳಿಸಬೇಡಿರಿ. ಅದರ ಜಾರುವ ದಂಡೆಯನ್ನು ಒಳ್ಳೆಯ ನಾಯಿಯೇ ಹತ್ತಲಾರದೆ ಮುಳುಗುವದು. ಹೊಲಿಗೆಯ ಗಾಯ ಪೂರ್ಣ ಮಾಯದೆ ನೀರಿಗಿಳಿಸುವದೂ ಸಲ್ಲದು.

ಎಚ್ಚರಿಕೆಗಳು

ಮರುದಿನ ಕುಂಟು ಹೆಚ್ಚಿದರೆ, ಕೀಲು ಬಾತರೆ, ಹಿಂದಿನ ದಿನದ ತಾಲೀಮು ಅತಿಯಾಯಿತೆಂದು ತಿಳಿದು ಒಂದು ದಿನ ಬಿಟ್ಟು ಅರ್ಧಕ್ಕೆ ಇಳಿಸಬೇಕು. ನೋವಿಗೆಂದು ಮನುಷ್ಯರ ಗುಳಿಗೆ ಕೊಡಕೂಡದು. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಇವು ನಾಯಿಯ ಜಠರ, ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣಕ್ಕೇ ತರಬಲ್ಲವು.

ನೋವಿನಲ್ಲಿ ಸಾಕಿದ ನಾಯಿಯೂ ಕಚ್ಚುವದುಂಟು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿಯೇ ಈ ಕೆಲಸಕ್ಕೆ ಕೈಹಾಕಿರಿ. ಪೆಟ್ಟಿಲ್ಲದೆ ಹಿಂಗಾಲು ಸೋತು, ದವಡೆ ಜೋತು, ಜೊಲ್ಲು ಸುರಿದರೆ ಅದು ತಾಲೀಮಿನ ವಿಷಯವಲ್ಲ. ಅಂಥ ನಾಯಿಯನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸತಕ್ಕದ್ದು.

ಇನ್ನೊಂದು ಮಾತು ಹೊಟ್ಟೆಯದು. ಅಮೇರಿಕೆಯಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಬಾಳಿನುದ್ದಕ್ಕೂ ನೋಡಿದರು. 2002ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳಿಗೆ ಕೀಲುನೋವಿನ ಚಿಕಿತ್ಸೆ ಬೇಕಾದದ್ದೂ ತಡವಾಗಿ. ಕಟ್ಟಿಹಾಕಿದ ನಾಯಿಗೆ ನಾವು ಸುರಿದ ಹಾಲು ರೊಟ್ಟಿ ಪ್ರೀತಿಯದೇ ಆಗಿತ್ತು, ಆದರೆ ಕೆಟ್ಟ ಕಾಲಿಗೆ ಅದು ಹೊರೆಯಾಯಿತು.

ಕರಿಯನಿಗೆ ನಾವು ಮೂರು ತಿಂಗಳು ಹೀಗೆ ತಾಲೀಮು ಮಾಡಿಸಿದೆವು. ಮೊದಲ ಇಪ್ಪತ್ತು ದಿನ ಏನೂ ಕಾಣಲಿಲ್ಲ. ನೋಡಿದವರು ನಕ್ಕರು. ಒಂದು ಮುಂಜಾನೆ ಕಣದ ಮಣ್ಣಿನಲ್ಲಿ ನಾಲ್ಕನೆಯ ಪಾದದ ಗುರುತು ಮೂಡಿದ್ದನ್ನು ಕಂಡೆವು. ಚಳಿಯ ದಿನಗಳಲ್ಲಿ ಅದು ಈಗಲೂ ತುಸು ಎಳೆದು ನಡೆಯುವದು. ಆದರೆ ರಾತ್ರಿ ಹಟ್ಟಿಯ ಕಡೆ ಸಪ್ಪಳವಾದರೆ ನಮಗಿಂತ ಮೊದಲು ಅಲ್ಲಿರುವದು. ಈ ಆರೈಕೆಗೆ ರೊಕ್ಕ ಬೇಕಾಗಿಲ್ಲ, ದಿನಕ್ಕೆ ಅರ್ಧ ತಾಸು ಪುರಸತ್ತು ಬೇಕು. ನಮಗಾಗಿ ರಾತ್ರಿಯೆಲ್ಲ ಎಚ್ಚರಿರುವ ಪ್ರಾಣಿಗೆ ಅಷ್ಟನ್ನು ಕೊಡುವದು ನಮಗೆ ಹೆಚ್ಚಾಗಲಾರದು.