ಕಲ್ಲಿದ್ದಲು ಹೊರಗಿನದ್ದು, ಕರೆಂಟು ಊರೂರಿಗೆ, ಉಳಿದದ್ದು ಯಾರಿಗೆ?

ಪಡುಬಿದ್ರಿ ಕಡೆ ಕಲ್ಲಿದ್ದಲು ರೈಲು ಹೋಗುವಾಗ ನಮ್ಮ ಮದ್ರಸದ ಮಕ್ಕಳು ಬೋಗಿ ಎಣಿಸುವುದುಂಟು. ನಲವತ್ತು ದಾಟಿದರೆ ಲೆಕ್ಕ ತಪ್ಪಿ ಜಗಳ ಶುರು. "ಇದೆಲ್ಲ ಎಲ್ಲಿಂದ ಬರುವುದು ಉಸ್ತಾದ್?" ಎಂದು ಮೊನ್ನೆ ಒಬ್ಬ ಕೇಳಿದ. ಹೊರದೇಶದಿಂದ ಹಡಗಿನಲ್ಲಿ ಪಣಂಬೂರಿಗೆ, ಅಲ್ಲಿಂದ ರೈಲಿನಲ್ಲಿ ಯೆಲ್ಲೂರಿಗೆ ಎಂದೆವು. ಕರೆಂಟು ಎಲ್ಲಿಗೆ ಹೋಗುವುದು ಎಂಬುದು ಮರುಪ್ರಶ್ನೆ. ದೊಡ್ಡ ಲೈನು ಘಟ್ಟ ಹತ್ತಿ ಹಾಸನಕ್ಕೆ ಹೋಗುತ್ತದೆ. ಹಾಗಾದರೆ ನಮಗೇನು ಎಂದು ಮಾತ್ರ ಅವನು ಕೇಳಲಿಲ್ಲ. ಕೇಳಿದ್ದರೆ ಕಷ್ಟವಿತ್ತು.

ನಂದಿಕೂರಿಗೆ ಈ ಚರ್ಚೆ ಹೊಸತಲ್ಲ. ತೊಂಬತ್ತರ ದಶಕದಲ್ಲಿ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಕಂಪೆನಿ ಬಂದಿತ್ತು, 1999ರಲ್ಲಿ ಹಿಂದೆ ಸರಿಯಿತು. ಅಂದು ವಿರೋಧಿಸಿದವರು ಇಂದು ಅಜ್ಜಂದಿರು. ಆಮೇಲೆ ಪಕ್ಕದ ಯೆಲ್ಲೂರಿನಲ್ಲಿ ತಲಾ 600 ಮೆಗಾವ್ಯಾಟಿನ ಎರಡು ಘಟಕಗಳು ಎದ್ದವು. ಮೊದಲನೆಯದು 2010ರಲ್ಲಿ ಓಡಿತು.

ಹೊಗೆ ಎಲ್ಲರಿಗೂ ಕಾಣುತ್ತದೆ. ಉಪ್ಪು ಕಾಣುವುದಿಲ್ಲ. ಸ್ಥಾವರ ತಂಪಾಗಲು ಸಮುದ್ರದ ನೀರು ಬೇಕು. ಕೂಲಿಂಗ್ ಟವರಿನಿಂದ ಹಬೆಯ ಜೊತೆ ಸಣ್ಣ ಉಪ್ಪು ಹನಿಗಳೂ ಹಾರುತ್ತವೆ, ಗಾಳಿ ಬೀಸಿದ ಕಡೆ ಎಲೆಗಳ ಮೇಲೆ ಕೂರುತ್ತವೆ. ಮಲ್ಲಿಗೆ ಬೆಳೆಯುವವರು, ಬಾವಿ ನೀರು ನಂಬಿದವರು ವರ್ಷಗಟ್ಟಲೆ ದೂರಿದ್ದು ಇದನ್ನೇ, ಬೂದಿಯನ್ನೂ. ಊರವರ ಸಮಿತಿ ಕೋರ್ಟು ಹತ್ತಿತು. ಕೊನೆಗೆ 2022ರಲ್ಲಿ ರಾಷ್ಟ್ರೀಯ ಹಸಿರು ಪೀಠ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟಲು ಆದೇಶಿಸಿತು. ಮಲ್ಲಿಗೆ ಅಂದರೆ ಬರೇ ಹೂವಲ್ಲ ಮಾರಾಯ್ರೆ, ಬೆಳಿಗ್ಗೆ ಬೇಗ ಎದ್ದು ಕೊಯ್ದು ಕಟ್ಟುವ ಹೆಂಗಸರ ಸ್ವಂತ ದುಡ್ಡು ಅದು.

ಭೂಮಿ ಹೋದವನಿಗೆ ಪರಿಹಾರ ಸಿಕ್ಕೀತು, ಆರ್‌ಟಿಸಿಯಲ್ಲಿ ಹೆಸರಿದ್ದರೆ. ಅದೇ ಗದ್ದೆಯಲ್ಲಿ ಕೂಲಿ ಮಾಡಿದವನ ಹೆಸರು ಯಾವ ಕಾಗದದಲ್ಲಿದೆ?

ನಮ್ಮವರ ಒಂದು ತಪ್ಪೂ ಉಂಟು, ಹೇಳಲೇಬೇಕು. ದೊಡ್ಡ ಯೋಜನೆ ಬಂದರೆ ಸಾರ್ವಜನಿಕ ಅಹವಾಲು ಸಭೆ ಕರೆಯುತ್ತಾರೆ. 2006ರ ಅಧಿಸೂಚನೆಯಂತೆ ಅದಕ್ಕೆ ಕನಿಷ್ಠ 30 ದಿನದ ನೋಟಿಸು ಕೊಡಬೇಕು. ಅಲ್ಲಿ ಹೇಳಿದ್ದನ್ನು ಬರೆದುಕೊಂಡು, ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲೇ ಓದಿ ಹೇಳಬೇಕು. ಅಂಚೆಯಲ್ಲಿ ಲಿಖಿತ ಆಕ್ಷೇಪವನ್ನೂ ಕಳಿಸಬಹುದು. ನಮ್ಮಲ್ಲಿ ಆಗುವುದೇನು? ಗಂಡಸರು ಗಲ್ಫಿನಲ್ಲಿ ಅಥವಾ ವ್ಯಾಪಾರದಲ್ಲಿ. ಜಮಾಅತಿನಿಂದ ಒಬ್ಬರು ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬರುತ್ತಾರೆ. ಬಾವಿಯಿಂದ ದಿನಾ ನೀರು ಸೇದುವ ಉಮ್ಮನಿಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿರುವುದಿಲ್ಲ. ಹೇಳದ ದೂರು ದಾಖಲೆಗೆ ಬರುವುದಿಲ್ಲ, ದಾಖಲೆಯಲ್ಲಿಲ್ಲದ್ದನ್ನು ಕೋರ್ಟೂ ನೋಡುವುದಿಲ್ಲ.

ಮಳೆಗಾಲ ಕಳೆದ ಮೇಲೆ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ, ಬಾವಿ ನೀರನ್ನು ಬಾಟಲಿಯಲ್ಲಿ ತುಂಬಿಸಿ ಲ್ಯಾಬಿಗೆ ಕೊಡಿ. ತಾರೀಕು ಬರೆದ ಆ ಎರಡು ಚೀಟಿಗಳನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.